ಎರಡು ಪೊಟ್ಟಣ ಹಿರೇಮದ್ದು

ಮಹಾದೇವಮ್ಮನಿಗೆ ನೆಟ್ಟಗೆ ನಿದ್ದೆ ಹತ್ತದೆ ಏಳು ತಿಂಗಳಾಗಿತ್ತು. ಆ ಏಳು ತಿಂಗಳ ಸಿಟ್ಟನ್ನು ಆಕೆ ಒಬ್ಬಳೇ ಇಟ್ಟುಕೊಂಡಿರಲಿಲ್ಲ, ಇಡೀ ಆಡಕಿ ಊರಿಗೆ ಹಂಚಿದ್ದಳು. ಹಾಲು ಹಾಕುವವನಿಗೆ ಬೈದಿದ್ದಳು. ತೊಗರಿ ರಾಶಿಗೆ ಬಂದ ಹೆಣ್ಣುಮಕ್ಕಳಿಗೆ ಬೈದಿದ್ದಳು. ಅಂಗಳದ ಬೇವಿನಮರ ಎಲೆ ಉದುರಿಸಿತೆಂದು ಅದಕ್ಕೂ ಬೈದಿದ್ದಳು. ಗಂಡ ಸಾಯಬಣ್ಣ ಏನು ಹೇಳಿದರೂ ‘ಹೂಂ’ ಅನ್ನುವ ಮನುಷ್ಯ. ಹೂಂ ಅಂದದ್ದಕ್ಕೂ ಬೈಗುಳ ತಿನ್ನುತ್ತಿದ್ದ.

ಆಕೆಗೆ ಐವತ್ತೊಂದು. ಮುಟ್ಟು ನಿಂತು ವರ್ಷವಾಗುತ್ತ ಬಂದಿತ್ತು. ನಿಂತದ್ದು ಒಳ್ಳೆಯದೇ ಆಯಿತು, ಆದರೆ ಹೋಗುವಾಗ ಅದು ನಿದ್ದೆಯನ್ನೂ ಕರೆದುಕೊಂಡು ಹೋಯಿತು. ಎದೆಯಿಂದ ಒಂದು ಝಳ ಎದ್ದು ಕಿವಿಯ ತನಕ ಏರುತ್ತಿತ್ತು. ಕುಪ್ಪಸ ತೊಯ್ದು ತೊಪ್ಪೆ. ಹತ್ತು ನಿಮಿಷಕ್ಕೆ ಮೈ ತಣ್ಣಗೆ ನಡುಗುತ್ತಿತ್ತು. ಬೆಳಗಾದರೆ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ. ಹಂಚಿನ ಮೇಲೆ ರೊಟ್ಟಿ ಹಾಕಿ ಮರೆತುಬಿಡುತ್ತಿದ್ದಳು. ಮಹಾದೇವಮ್ಮನ ಮನೆಯಿಂದ ಸೀದ ರೊಟ್ಟಿಯ ವಾಸನೆ ಬರುವುದನ್ನು ಆಡಕಿ ಹಿಂದೆಂದೂ ಕಂಡಿರಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಾಚಿಕೆಯ ಮಾತೆಂದರೆ, ಊರಿಗೆಲ್ಲ ನಿದ್ದೆಯ ಮದ್ದು ಕೊಡುವವಳು ಅವಳೇ. ಹೊಲದ ಬದುವಿನಲ್ಲಿ ಬೆಳೆಯುವ ಹಿರೇಮದ್ದಿನ ಗಿಡ, ಪೇಟೆಯವರು ಅಶ್ವಗಂಧ ಎನ್ನುತ್ತಾರಲ್ಲ, ಅದರ ಬೇರು ಅಗೆದು ತಂದು, ಹಾಲಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಸೀರೆಯ ಚೂರಿನಲ್ಲಿ ಜರಡಿ ಹಿಡಿದು ಪುಡಿ ಮಾಡುತ್ತಿದ್ದಳು. ಸಂಜೆ ಬಿಸಿ ಹಾಲಿಗೆ ಅರ್ಧ ಚಮಚ ಪುಡಿ, ನೆನೆಸಿ ಅರೆದ ಗಸಗಸೆ ಒಂದು ಚಿಟಿಕೆ, ಚೂರು ಬೆಲ್ಲ. ಇಪ್ಪತ್ತೊಂದು ದಿನ. ಎಷ್ಟು ಜನ ಹೆಂಗಸರು ಈ ಮದ್ದು ಕುಡಿದು ಗೊರಕೆ ಹೊಡೆದಿದ್ದರೋ.

ಹಾಗಾದರೆ ತಾನೇ ಯಾಕೆ ಕುಡಿಯಬಾರದು? ಅಲ್ಲೇ ಇದ್ದದ್ದು ತೊಡಕು. ಚಿಂಚೋಳಿ ಆಕೆಯ ತವರು. ಅಲ್ಲಿನ ಗುಡ್ಡದ ಗಿಡಮೂಲಿಕೆಗಳನ್ನೆಲ್ಲ ಬಲ್ಲ ಲಲಿತಾಬಾಯಿ ಎಂಬ ಮುದುಕಿ, ಮಹಾದೇವಮ್ಮ ಲಂಗ ಉಡುವ ವಯಸ್ಸಿನಲ್ಲೇ ಈ ವಿದ್ಯೆ ಕಲಿಸಿದ್ದಳು. ಕಲಿಸುವಾಗ ಎರಡು ಕಟ್ಟಳೆ ಹಾಕಿದ್ದಳು. ಮದ್ದಿಗೆ ದುಡ್ಡು ಮುಟ್ಟಬಾರದು. ಮದ್ದು ಕೊಡುವವಳು ತನ್ನ ಕೈಯಿಂದ ತಾನೇ ಮದ್ದು ತೆಗೆದುಕೊಳ್ಳಬಾರದು, ಮತ್ತೊಬ್ಬರ ಕೈಯಿಂದ ಇಸಿದುಕೊಳ್ಳಬೇಕು. ಕೈಗುಣ ಎನ್ನುವುದು ಕೊಟ್ಟಾಗ ಮಾತ್ರ ಇರುತ್ತದೆ, ಇಟ್ಟುಕೊಂಡರೆ ಇರುವುದಿಲ್ಲ ಎಂದಿದ್ದಳು.

ಸರಿ, ಬೇರೆ ಕೈ ಹುಡುಕುವುದು ಶುರುವಾಯಿತು. ಮೊದಲು ಸಾಯಬಣ್ಣನ ಕೈ. ಹೇಳಿಕೊಟ್ಟ ಹಾಗೆ ಹಾಲು ಕಲಸಿ ತಂದುಕೊಟ್ಟ. ಮೂರು ದಿನ ಕುಡಿದಳು. ನಾಲ್ಕನೆಯ ದಿನ ಲೋಟ ಕುಕ್ಕಿದಳು.

“ನಿಮ್ಮ ಕೈಯಾಗ ತೊಗರಿ ಬೆಳೀತದ್ರಿ, ನಿದ್ದಿ ಬೆಳಿಯಂಗಿಲ್ಲ.”

“ಹೂಂ.”

ಆಮೇಲೆ ಸೊಸೆ ದೇವಿಕಾಳ ಕೈ. ಮೂರು ದಿನ. “ನೀ ಕೊಡುವಾಗ ಮೊಬೈಲ್ ನೋಡ್ಕೋತ ಕೊಟ್ಟಿ, ಅದಕ್ಕ ಹತ್ತಲಿಲ್ಲ.” ದೇವಿಕಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು, ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಆಮೇಲೆ ಪಕ್ಕದ ಮನೆಯ ರಶೀದಾಬೇಗಂ. ಆಕೆ ತನ್ನದೇ ಕೈಚಳಕ ತೋರಿಸಿ ಹಾಲಿಗೆ ಬಾದಾಮಿ, ಏಲಕ್ಕಿ, ಕೇಸರಿ ಎಲ್ಲ ಹಾಕಿ ತಂದಳು. ಕುಡಿಯಲು ಅಮೃತ. ಮೂರು ದಿನದಲ್ಲಿ ನಿದ್ದೆ ಬರಲಿಲ್ಲ, ಕುಪ್ಪಸ ಬಿಗಿಯಾಯಿತು.

“ಬೂಬೂ, ಇದು ಮದ್ದಲ್ಲ, ಮದುವಿ ಊಟ,” ಎಂದು ಅದನ್ನೂ ಬಿಟ್ಟಳು.

ಒಂದು ಮುಂಜಾನೆ ನಳದ ಹತ್ತಿರ ಕೊಡ ಹಿಡಿದು ನಿಂತಾಗ ಗೋಡೆಯ ಆಚೆಯಿಂದ ಮಾತು ಕೇಳಿಸಿತು. “ಆಕಿಗೇ ನಿದ್ದಿ ಇಲ್ಲ, ನಮಗೇನ್ ಕೊಡ್ತಾಳ?” ಇನ್ನೊಂದು ದನಿ, “ಆಕಿ ಕೈ ಹೋಯ್ತು ತಗೋ.” ಮಹಾದೇವಮ್ಮನಿಗೆ ಜೀವನದಲ್ಲಿ ಮೊದಲ ಸಲ ಬೈಯಲು ಬಾಯಿ ಬರಲಿಲ್ಲ. ‘ಕೈ ಹೋಯ್ತು’ ಎಂಬ ಮಾತು ಎಲ್ಲಿಯದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ಹಿಂದೊಮ್ಮೆ ತಾನೇ ಆಡಿದ್ದಳು.

ಅದು ಎಂಟು ವರ್ಷದ ಹಿಂದಿನ ಮಾತು. ಲಲಿತಾಬಾಯಿಯ ಹತ್ತಿರ ಮದ್ದು ಕಲಿತವರು ಇಬ್ಬರು. ಒಬ್ಬಳು ಈಕೆ, ಇನ್ನೊಬ್ಬಳು ತುಳಜಾಬಾಯಿ. ಇಬ್ಬರೂ ಒಂದೇ ಶಾಲೆ, ಒಂದೇ ಗುಡ್ಡ, ಒಂದೇ ಬುತ್ತಿಯಲ್ಲಿ ಊಟ. ಒಮ್ಮೆ ತುಳಜಾಬಾಯಿ ಒಂದು ಕೂಸಿನ ಹೊಟ್ಟೆನೋವಿಗೆ ಮದ್ದು ಕೊಟ್ಟಳು, ಕಡಿಮೆಯಾಗಲಿಲ್ಲ. ಎರಡು ದಿನ ಬಿಟ್ಟು ಅದೇ ಮದ್ದನ್ನು ಮಹಾದೇವಮ್ಮ ಕೊಟ್ಟಳು, ಕೂಸು ಎದ್ದು ಆಡಿತು. ಚಿಂಚೋಳಿಯಿಂದ ಬರುವ ಬಸ್ಸಿನಲ್ಲಿ ಅದೇ ಮಾತಿಗೆ ಜಗಳ ಹತ್ತಿತು. ಮಹಾದೇವಮ್ಮ ತುಂಬಿದ ಬಸ್ಸಿನಲ್ಲಿ, “ಮದ್ದಿನ ತಪ್ಪಲ್ಲ, ನಿನ್ನ ಕೈಯೇ ಸರಿ ಇಲ್ಲ, ನಿನ್ನ ಕೈ ಹೋಯ್ತು,” ಎಂದು ಕೂಗಿಬಿಟ್ಟಳು. ತುಳಜಾಬಾಯಿ ಮುಂದಿನ ಸ್ಟಾಪಿನಲ್ಲಿ ಇಳಿದು ಹೋದಳು. ಮತ್ತೆ ಮಾತಾಡಲಿಲ್ಲ.

ನಳದ ಹತ್ತಿರ ಕೊಡ ಅಲ್ಲೇ ಬಿಟ್ಟು ಮಹಾದೇವಮ್ಮ ಸೀದಾ ಊರಿನ ಆರೋಗ್ಯ ಕೇಂದ್ರಕ್ಕೆ ನಡೆದಳು. ಇಷ್ಟು ದಿನ ಆ ಕಡೆ ಕಾಲಿಟ್ಟಿರಲಿಲ್ಲ, ಯಾಕೆಂದರೆ ಅಲ್ಲಿ ನರ್ಸಾಗಿದ್ದವಳು ತುಳಜಾಬಾಯಿಯ ಮಗಳು ಲುಂಬಿನಿ.

“ಬರ್ರಿ ಮೌಶಿ, ಕುಂದ್ರಿ,” ಎಂದಳು ಲುಂಬಿನಿ.

“ಕುಂದ್ರಾಕ ಬಂದಿಲ್ಲ. ಬಿಪಿ ನೋಡು, ಹೋಗ್ತೀನಿ.”

“ನಿಂತೋರ ಬಿಪಿ ನೋಡಿದ್ರ ಮಿಷನ್ನಿಗಿ ಸಿಟ್ಟ್ ಬರ್ತದ. ಕುಂದ್ರಿ.”

ಕೂತಳು. ಲುಂಬಿನಿ ಬಿಪಿ ನೋಡಿದಳು, ಸಕ್ಕರೆಗೂ ಥೈರಾಯ್ಡಿಗೂ ರಕ್ತ ತೆಗೆದುಕೊಂಡಳು. ಮುಟ್ಟು ನಿಂತದ್ದು ಯಾವಾಗ, ಝಳ ದಿನಕ್ಕೆಷ್ಟು ಸಲ, ಎಲ್ಲ ಕೇಳಿದಳು. ಇಂಥ ಪ್ರಶ್ನೆಗಳನ್ನು ತಾನೇ ಊರಿನ ಹೆಂಗಸರಿಗೆ ಕೇಳುತ್ತಿದ್ದಳು ಮಹಾದೇವಮ್ಮ. ತನ್ನನ್ನು ಯಾರೂ ಕೇಳಿರಲಿಲ್ಲ. ಉತ್ತರ ಕೊಡುತ್ತ ಕೊಡುತ್ತ ದನಿ ಸ್ವಲ್ಪ ಇಳಿಯಿತು.

“ದಿನಕ್ಕ ಚಾ ಎಷ್ಟು?”

“ಅದ್ಯಾರ್ ಎಣಸ್ತಾರ?”

“ನೀವೇ ಎಣಸ್ರಿ.”

ಎಣಿಸಿದಳು. ಎಂಟಕ್ಕೆ ಬೆರಳು ನಿಂತವು. ಅದರಲ್ಲಿ ಎರಡು ದೀಪ ಹಚ್ಚಿದ ಮೇಲಿನವು.

“ನಾಕು ಗಂಟೆ ಮ್ಯಾಲ ಚಾ ಬಂದ್. ಮದ್ದು ತಗೊಂಡೀರೇನು?”

“ಮೂರ್ ಮಂದಿ ಕೈಲೆ ತಗೊಂಡೀನಿ.”

“ಒಬ್ಬೊಬ್ಬರ ಕೈಲೆ ಎಷ್ಟ್ ದಿನ?”

“ಮೂರ್ ಮೂರ್ ದಿನ.”

“ಮಂದಿಗಿ ಎಷ್ಟ್ ದಿನ ಹೇಳ್ತೀರಿ?”

ಮಹಾದೇವಮ್ಮ ಗೋಡೆಯ ಮೇಲಿನ ಪೋಲಿಯೋ ಚಿತ್ರ ನೋಡಿದಳು. “ಇಪ್ಪತ್ತೊಂದು,” ಎಂದಳು ಹಲ್ಲಿನ ಸಂದಿಯಿಂದ.

ಲುಂಬಿನಿ ನಗು ತಡೆಯಲು ಕೆಮ್ಮಿದಳು. ಎರಡು ದಿನ ಬಿಟ್ಟು ಬರಲು ಹೇಳಿದಳು. ಹೋದಾಗ ರಿಪೋರ್ಟು ಎಲ್ಲ ಸರಿಯಾಗಿತ್ತು. “ನಿಮಗ ಬ್ಯಾರೆ ಏನೂ ಇಲ್ಲ ಮೌಶಿ. ಮೈ ಬದಲಾಗಾಕತ್ತದ, ಅಷ್ಟೇ. ನಿಮ್ಮ ಬೇರು ಕುಡೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಥೈರಾಯ್ಡ್ ಗುಳಿಗಿ ತಗೋಳೋ ಹೆಣ್ಣುಮಕ್ಕಳಿಗಿ ಕೊಡೂಕಿಂತ ಮೊದಲು ನನಗ ಕೇಳ್ರಿ.”

“ಕುಡೀಬೇಕಂದ್ರ ಯಾರ ಕೈಲೆ ಕುಡೀಲಿ?”

“ಕೈಗುಣ ಗಿಣ ನನಗ ತಿಳಿಯಂಗಿಲ್ಲ. ಆದ್ರ ನಿಮ್ಮಂಥೋರು ಇಪ್ಪತ್ತೊಂದು ದಿನ ಸುಮ್ನ ಕುಡೀಬೇಕಂದ್ರ, ನಿಮಗ ಬೈಯೋರೊಬ್ರು ಬೇಕು. ಅಂಥೋರು ಒಬ್ರೇ ಅದಾರ. ಚಿಂಚೋಳ್ಯಾಗ.”

ಮಹಾದೇವಮ್ಮ ಎದ್ದು ನಿಂತಳು. ಬಾಗಿಲ ತನಕ ಹೋದಳು. ಮತ್ತೆ ಬಂದು ಕೂತಳು.

“ನಿಮ್ಮವ್ವ ನನ್ನ ಒದ್ದು ಹೊರಗ ಹಾಕ್ತಾಳ.”

“ಹಾಕಬಹುದು. ಹೋಗಿ ನೋಡ್ರಿ. ಹಾಂ, ಪುಡಿ ಎರಡು ಪೊಟ್ಟಣ ಒಯ್ರಿ.”

“ಎರಡ್ ಯಾಕ?”

“ಒಯ್ರಿ ಅಂದ್ನಲ್ಲ. ನರ್ಸ್ ಹೇಳಿದ್ರ ಯಾಕ ಅನಬಾರ್ದು.”

ಮರುದಿನ ಮಹಾದೇವಮ್ಮ ಸೇಡಮ್ಮಿಗೆ ಬಂದು ಚಿಂಚೋಳಿ ಬಸ್ಸು ಹತ್ತಿದಳು. ಹೆಂಗಸರ ಪುಕಟ್ ಟಿಕೆಟ್ಟನ್ನು ಮಡಚಿ ಮಡಚಿ ಕಡಲೆಕಾಳಿನಷ್ಟು ಮಾಡಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಳು. ‘ಹೋದದ್ದು ಹೋಯ್ತು’ ಎಂದು ಶುರು ಮಾಡಬೇಕು, ಗಂಭೀರವಾಗಿ, ದೊಡ್ಡವರ ಹಾಗೆ.

ತುಳಜಾಬಾಯಿಯ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಬುದ್ಧನ ಚಿತ್ರ, ಅದರ ಮುಂದೆ ಹೂವು. ಕೆಳಗೆ ಶಹಾಬಾದ್ ಕಲ್ಲಿನ ನೆಲ. ಆ ನೆಲದ ಮೇಲೆ ಚಾಪೆ ಇಲ್ಲ, ದಿಂಬಿಲ್ಲ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೆನ್ನೆಯನ್ನು ಕಲ್ಲಿಗೆ ಒತ್ತಿ ತುಳಜಾಬಾಯಿ ಮಲಗಿದ್ದಳು. ಕಣ್ಣು ತೆರೆದಿದ್ದವು.

“ಯಾರು?”

“ನಾ.”

“ನಾ ಅಂದ್ರ? ಹೆಸರಿಲ್ಲೇನು?”

“ಗೊತ್ತಿದ್ದೋರಿಗಿ ಹೆಸರ್ ಯಾಕ ಹೇಳ್ಲಿ?”

ತುಳಜಾಬಾಯಿ ಎದ್ದು ಕೂತು ನೋಡಿದಳು. ಕೂದಲು ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. “ಹೋದ ಕೈ ಹುಡುಕ್ಕೊಂಡು ಬಂದೀಯೇನು, ಮಾದೇವಿ?”

ಜೋಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು. “ನಿನ್ನ ಮಗಳು ಕಳಿಸ್ಯಾಳ, ಅದಕ್ಕ ಬಂದೀನಿ! ಇಲ್ಲಾಂದ್ರ ನಿನ್ನ ಹೊಸ್ತಿಲಕ ನಾ ಯಾಕ...” ಎನ್ನುವಷ್ಟರಲ್ಲಿ ಎದೆಯಿಂದ ಝಳ ಎದ್ದಿತು. ಮುಖ ಕೆಂಪಾಯಿತು. ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು. ತುಳಜಾಬಾಯಿ ಆ ಮುಖವನ್ನೇ ನೋಡಿದಳು. ತನ್ನ ಕುತ್ತಿಗೆಯ ಒದ್ದೆ ಬಟ್ಟೆ ಬಿಚ್ಚಿ ಆಕೆಯತ್ತ ಎಸೆದಳು.

“ಕುತ್ತಿಗಿಗಿ ಸುತ್ತಿಕೋ. ಇಲ್ಲಿ ಕಲ್ಲಿನ ಮ್ಯಾಲ ಮಲ್ಕೋ. ಈ ಮೂಲಿಗಿ ಬಿಸಿಲು ಬರಂಗಿಲ್ಲ, ಭಾಳ ತಂಪದ.”

ಮಹಾದೇವಮ್ಮ ಮಲಗಿದಳು. ಕಲ್ಲು ಬೆನ್ನಿಗೆ ತಾಗಿದಾಗ ಬಾಯಿಂದ ‘ಹಾ’ ಎಂದು ಬಂತು. ತುಳಜಾಬಾಯಿ ಪಕ್ಕದಲ್ಲೇ ಮಲಗಿದಳು. ಇಬ್ಬರೂ ತಲೆಯ ಮೇಲಿನ ಮಾಳಿಗೆ ನೋಡುತ್ತ ಜಗಳ ಮುಂದುವರಿಸಿದರು.

“ಎಂಟ್ ವರ್ಷ ಒಂದ್ ಫೋನ್ ಇಲ್ಲ ನಿಂದು,” ಎಂದಳು ಮಹಾದೇವಮ್ಮ.

“ಬಸ್ಸಿನ್ಯಾಗ ಕೂಗಿದಾಕಿ ನೀ. ಫೋನ್ ನಾ ಮಾಡಬೇಕೇನು?”

“ಸಿಟ್ಟಿಲೆ ಅಂದೆ. ನನ್ನ ಸಿಟ್ಟು ನಿನಗ ಗೊತ್ತಿಲ್ಲೇನು?”

ತುಳಜಾಬಾಯಿ ಈಕೆಯ ಕಡೆ ಹೊರಳಿದಳು. ಆಮೇಲೆ ಮಾತಾಡಿದಾಗ ದನಿ ಜಗಳದ್ದಾಗಿರಲಿಲ್ಲ. “ನಿನ್ನ ಸಿಟ್ಟು ನನಗ ಗೊತ್ತು. ಬಸ್ಸಿನ ಮಂದಿಗಿ ಗೊತ್ತಿಲ್ಲ. ನೀ ಕೈ ಅಂದಿ. ಅವರು ಏನ್ ಕೇಳಿಸ್ಕೊಂಡ್ರು ಗೊತ್ತಾ? ನಮ್ಮವ್ವನ ಕೈಲೆ ಯಾರೂ ನೀರು ಇಸ್ಕೋತಿದ್ದಿಲ್ಲ ಮಾದೇವಿ, ಆಕಿ ಬೊಗಸಿಗಿ ಮ್ಯಾಲಿಂದ ಹೊಯ್ತಿದ್ರು. ನನ್ನ ಕೈಲೆ ಮದ್ದು ಇಸ್ಕೊಂಡ್ರು, ಕೈ ಮುಗ್ದ್ರು. ನೀ ಒಂದೇ ಮಾತಿನ್ಯಾಗ ನನ್ನ ಕೈಯ ಮತ್ತ ನಮ್ಮವ್ವನ ಕೈ ಮಾಡಿಟ್ಟಿ. ಒಂದ್ ವರ್ಷ ನನ್ನ ಬಾಗಲಿಗಿ ಯಾರೂ ಬರಲಿಲ್ಲ.”

ಮಹಾದೇವಮ್ಮನಿಗೆ ಮೈ ಮತ್ತೆ ಬಿಸಿಯಾಯಿತು. ಈ ಸಲ ಅದು ಮುಟ್ಟು ನಿಂತ ಝಳವಲ್ಲ. ಒಂದೇ ಬುತ್ತಿಯಲ್ಲಿ ಉಂಡವಳಿಗೆ ಇದು ಎಂಟು ವರ್ಷ ಹೊಳೆಯಲೇ ಇಲ್ಲವಲ್ಲ! ತಾನು ಮೊನ್ನೆ ನಳದ ಹತ್ತಿರ ಕೇಳಿದ ಒಂದೇ ಮಾತಿಗೆ ಕೊಡ ಬಿಟ್ಟು ಓಡಿದ್ದಳು. ಇವಳು ವರ್ಷವಿಡೀ ಕೇಳಿದ್ದಾಳೆ.

“ತಪ್ಪಾತು,” ಎಂದಳು. ಸಾಯಬಣ್ಣ ಮೂವತ್ತು ವರ್ಷ ಸಂಸಾರ ಮಾಡಿಯೂ ಕೇಳದಿದ್ದ ಮಾತು ಅದು.

“ಮಾಳಿಗಿಗಿ ಹೇಳಿದ್ರ ಏನ್ ಬಂತು? ಬಸ್ಸಿನ್ಯಾಗ ಅಂದದ್ದು ಬಸ್ಸಿನ್ಯಾಗ ಹೇಳು.”

“ಹೇಳ್ತೀನಿ.”

“ಹೇಳ್ತೀಯಾ? ಖರೇ?”

“ಕೂಗಾಕ ನನಗ್ಯಾರ್ ಕಲಿಸಬೇಕು?”

ತುಳಜಾಬಾಯಿಯ ಹೊಟ್ಟೆ ಕುಲುಕಿತು. ನಗು ತಡೆಯುತ್ತಿದ್ದಳು. “ಮದ್ದು ತಂದೀಯೇನು, ತಾ.”

ಮಹಾದೇವಮ್ಮ ಚೀಲದಿಂದ ಪೊಟ್ಟಣ ತೆಗೆದಳು. ಎರಡು. ತುಳಜಾಬಾಯಿ ಎರಡನ್ನೂ ನೋಡಿದಳು.

“ಎರಡ್ ಯಾಕ?”

“ನಿನ್ನ ಮಗಳು ಒಯ್ಯಿ ಅಂದ್ಳು. ಯಾಕ ಅಂದ್ರ ಹೇಳಲಿಲ್ಲ.”

ಆಗ ಮಹಾದೇವಮ್ಮನಿಗೆ ನೆಲ ಕಾಣಿಸಿತು, ಒದ್ದೆ ಬಟ್ಟೆ ಕಾಣಿಸಿತು, ತುಳಜಾಬಾಯಿಯ ಕಣ್ಣ ಕೆಳಗಿನ ಕಪ್ಪು ಕಾಣಿಸಿತು. ಬಂದಾಗಿನಿಂದ ಎದುರಿಗೇ ಇತ್ತು.

“ನಿನಗೂ?”

“ಹತ್ತು ತಿಂಗಳಾತು. ನನ್ನ ಕೈಲೆ ನಾ ತಗೋಳಂಗಿಲ್ಲ. ಬ್ಯಾರೆ ಯಾರ ಕೈಲೆ ತಗೊಂಡ್ರೂ ಹತ್ತಲಿಲ್ಲ.”

“ಎಷ್ಟ್ ದಿನ ತಗೊಂಡಿ?”

“ನಾಕ್ ದಿನ.”

“ನಾಕಾ! ನಾ ಮೂರಕ್ಕೇ ಬಿಟ್ಟೆ.”

ನಗು ಎಲ್ಲಿತ್ತೋ, ಇಬ್ಬರಿಗೂ ಒಟ್ಟಿಗೇ ಬಂತು. ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ ಇಣುಕಿದಳು. ಐವತ್ತು ದಾಟಿದ ಇಬ್ಬರು ಹೆಂಗಸರು ಬರಿ ಕಲ್ಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳಾಡುವುದನ್ನು ಕಂಡು, “ಬಾಯಿ, ಡಾಕ್ಟರಿಗಿ ಕರೀಲೇನ್ರಿ?” ಎಂದಳು. ಅದಕ್ಕೂ ನಕ್ಕರು.

ಹಾಲು ಕಾಯಿಸಿದರು. ಗಸಗಸೆ ಅರೆದದ್ದು ಮಹಾದೇವಮ್ಮ, ಬೆಲ್ಲ ಕುಟ್ಟಿದ್ದು ತುಳಜಾಬಾಯಿ. “ಇದು ಸಂಜಿಗಿ ಕುಡಿಯೋದು,” ಎಂದಳು ತುಳಜಾಬಾಯಿ. “ಏಳ್ ತಿಂಗಳ ಕಾದೀನಿ, ಇನ್ನ ಸಂಜಿತನ ಯಾರ್ ಕಾಯ್ತಾರ,” ಎಂದಳು ಮಹಾದೇವಮ್ಮ. ಒಬ್ಬಳ ಲೋಟ ಇನ್ನೊಬ್ಬಳ ಕೈಗೆ ಹೋಯಿತು. ಮಹಾದೇವಮ್ಮ ಲೋಟದ ಜೊತೆಗೆ ಆ ಕೈಯನ್ನೂ ಹಿಡಿದುಕೊಂಡಳು, ಹಾಲು ಮುಗಿಯುವ ತನಕ ಬಿಡಲಿಲ್ಲ.

“ಇಪ್ಪತ್ತೊಂದು ದಿನ,” ಎಂದಳು ತುಳಜಾಬಾಯಿ. “ನಡುವ ಬಿಟ್ಟಿ ಅಂದ್ರ ಕಾಲ್ ಮುರೀತೀನಿ. ನಾ ಲುಂಬಿನಿ ಮನ್ಯಾಗೇ ಇರ್ತೀನಿ ಅಷ್ಟ್ ದಿನ.” ಎದ್ದು ಎರಡು ಸೀರೆ ಚೀಲಕ್ಕೆ ತುರುಕಿದಳು.

ಸೇಡಂ ದಾಟಿ ವಾಡಿಗೆ ಹೋಗುವ ಬಸ್ಸು ಸಿಕ್ಕಿತು. ಸೇಡಮ್ಮಿನಲ್ಲಿ ಇಳಿದು ಆಡಕಿಯ ಬಸ್ಸು ಹಿಡಿಯಬೇಕು. ಸಾಯಬಣ್ಣ ಅಲ್ಲಿಗೆ ಬಂದು ಕಾಯುತ್ತೇನೆ ಎಂದಿದ್ದ. ಬಸ್ಸು ತುಂಬಿತ್ತು. ಚಿತ್ತಾಪುರ ಕಡೆಯ ಕಲ್ಲು ಪಾಲಿಶ್ ಮಾಡುವ ಗಂಡಸರು, ಕಾಯಿಪಲ್ಲೆ ಬುಟ್ಟಿಯವರು, ಸಂತೆಗೆ ಬಂದು ಹೋಗುವ ಹೆಂಗಸರು. ಇಬ್ಬರಿಗೂ ಬಸ್ಸಿನ ನಡುಭಾಗದಲ್ಲಿ ಜೋಡಿ ಸೀಟು ಸಿಕ್ಕಿತು. ಊರು ದಾಟುತ್ತಲೇ ಮಹಾದೇವಮ್ಮ ಎದ್ದು ಕಂಬಿ ಹಿಡಿದು ನಿಂತಳು.

“ಕುಂದ್ರಿ ಬಾಯಿ, ಬೀಳ್ತೀರಿ,” ಎಂದ ಕಂಡಕ್ಟರ್ ನಾಮದೇವ.

“ನೀ ಟಿಕೆಟ್ ಹರಿ. ನನಗ ಮಂದಿ ಜೋಡಿ ಮಾತದ.” ಗಂಟಲು ಸರಿಮಾಡಿಕೊಂಡಳು. “ಕೇಳ್ರೆಪ್ಪೋ ಎಲ್ಲಾರು!”

“ಏನ್ ಮಾರಾಕತ್ತೀರಿ ಯಕ್ಕ? ಹಲ್ಲಿನ ಪುಡಿ ಏನು?” ಎಂದ ಹಿಂದಿನಿಂದ ಒಬ್ಬ.

“ನಿನ್ನ ಹಲ್ಲಿಗಿ ಯಾವ ಪುಡೀನೂ ಹತ್ತಂಗಿಲ್ಲ, ಸುಮ್ನ ಕುಂದ್ರು! ಎಂಟ್ ವರ್ಷದ ಹಿಂದ ಇದೇ ದಾರಿ ಬಸ್ಸಿನ್ಯಾಗ ನಾ ಈಕಿಗಿ, ಈ ತುಳಜಾಬಾಯಿಗಿ, ನಿನ್ನ ಕೈ ಸರಿ ಇಲ್ಲ ಅಂದಿದ್ದೆ. ಅದು ಸುಳ್ಳು. ಕೂಸಿನ ಹೊಟ್ಟಿನೋವು ತಾನೇ ಇಳಿಯೂದಿತ್ತು, ಇಳೀತು. ನಾ ಮೆರದೆ. ಈಕಿ ಕೈ ಛಲೋ ಅದ. ಇವತ್ತ ನಾ ಆ ಕೈಲೆ ಮದ್ದು ಕುಡದು ಬಂದೀನಿ. ನಿದ್ದಿಗಿ. ಯಾರಿಗಾದ್ರೂ ಕೇಳೂದಿದ್ರ ಕೇಳ್ರಿ!”

ತುಳಜಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಧೂಳು ಬಿದ್ದ ಹಾಗೆ. ಮುಂದಿನ ಸೀಟಿನಿಂದ ಬುಟ್ಟಿಯ ಹೆಂಗಸೊಬ್ಬಳು ತಿರುಗಿದಳು.

“ಯಕ್ಕ, ನನಗೂ ನಿದ್ದಿ ಬರಂಗಿಲ್ಲ ನೋಡ್ರಿ. ಮೈ ಕೆಂಡ ಆಗ್ತದ.”

“ನಮ್ಮತ್ತಿಗೂ ಹಂಗೇ,” ಎಂದಳು ಇನ್ನೊಬ್ಬಳು. “ಅತ್ತಿಗಿ ಏನು, ನನಗೇ ಅದ, ಹೇಳಾಕ ನಾಚಿಕಿ,” ಎಂದಳು ಮೂರನೆಯವಳು. ಐದು ನಿಮಿಷದಲ್ಲಿ ಬಸ್ಸಿನ ಮುಂದಿನ ಅರ್ಧ ಹೆಂಗಸರ ಸಭೆಯಾಯಿತು. ಹಿಂದಿನ ಗಂಡಸರು ಹೊರಗಿನ ತೊಗರಿ ಹೊಲಗಳನ್ನು ಜೀವನದಲ್ಲಿ ನೋಡದವರ ಹಾಗೆ ನೋಡತೊಡಗಿದರು. ತುಳಜಾಬಾಯಿ ಒಬ್ಬೊಬ್ಬಳಿಗೂ ಕೇಳುತ್ತಿದ್ದಳು, ಗುಳಿಗೆ ಏನು ತಗೋತಿ, ಚಾ ಎಷ್ಟು ಕುಡೀತಿ, ಮೊದಲು ದವಾಖಾನಿಗಿ ತೋರಿಸು, ಆಮ್ಯಾಲ ಬಾ. ಮನೆಯ ಗುರುತು ಹೇಳಿದಳು. ಬುಟ್ಟಿಯ ಹೆಂಗಸು ಕೈ ಚಾಚಿ ತುಳಜಾಬಾಯಿಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಮಹಾದೇವಮ್ಮ ಅದನ್ನು ನೋಡಿದಳು. ಏನೋ ದೊಡ್ಡ ಗಂಟನ್ನು ತಲೆಯಿಂದ ಇಳಿಸಿದ ಹಾಗಾಯಿತು. ಕೂತಳು. “ತುಳಜಾ, ಇನ್ನೊಂದ್ ಮಾತು...” ಎಂದಳು. ಆ ಮಾತು ಯಾವುದೋ ಆಕೆಗೂ ಆಮೇಲೆ ನೆನಪಾಗಲಿಲ್ಲ.

ಯಾರೋ ಭುಜ ಅಲುಗಾಡಿಸಿದಾಗ ಕಣ್ಣು ತೆರೆದಳು. ನಾಮದೇವ ನಿಂತಿದ್ದ. ಬಸ್ಸು ಖಾಲಿ. ತನ್ನ ತಲೆ ತುಳಜಾಬಾಯಿಯ ಭುಜದ ಮೇಲೆ, ತುಳಜಾಬಾಯಿಯ ತಲೆ ತನ್ನ ತಲೆಯ ಮೇಲೆ. ತುಳಜಾಬಾಯಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

“ಇಳೀರಿ ಬಾಯಿ. ವಾಡಿ ಬಂತು.”

“ವಾಡಿ? ಸೇಡಂ ಎಲ್ಲಿ ಹೋಯ್ತು?”

“ಸೇಡಂ ಎಲ್ಲಿ ಇತ್ತೋ ಅಲ್ಲೇ ಅದ. ಮೂರ್ ಸಲ ಎಬ್ಬಿಸಿದೆ. ‘ಹಾಲು ಅಲ್ಲೇ ಇಟ್ಟು ಹೋಗು’ ಅಂದ್ರಿ. ಹೆಣ್ಣುಮಕ್ಕಳೆಲ್ಲ ಸೇರಿ ನನಗೇ ಬೈದ್ರು, ಪಾಪ ಮಲ್ಕೊಂಡಾರ ಮಲ್ಕೋಲಿ ಬಿಡು ಅಂತ.”

ಮಹಾದೇವಮ್ಮ ಲೆಕ್ಕ ಹಾಕಿದಳು. ಒಂದೂವರೆ ತಾಸಿಗಿಂತ ಹೆಚ್ಚು. ನಡುವೆ ಒಮ್ಮೆಯೂ ಎಚ್ಚರವಿಲ್ಲ, ಝಳವಿಲ್ಲ. ಮದ್ದು ಇಷ್ಟು ಬೇಗ ಹತ್ತುವುದಿಲ್ಲ ಎಂದು ಮದ್ದು ಕೊಡುವ ಅವಳಿಗೇ ಗೊತ್ತಿತ್ತು. ಗೊತ್ತಿದ್ದರೂ ಖುಷಿ ಕಡಿಮೆಯಾಗಲಿಲ್ಲ.

ಸ್ಟ್ಯಾಂಡಿನಲ್ಲಿ ಇಳಿದಾಗ ಚಹಾದ ವಾಸನೆ ಬಂತು. ಮಹಾದೇವಮ್ಮನ ಕಾಲು ತಾನೇ ಆ ಕಡೆ ತಿರುಗಿತು.

“ಗಂಟಿ ಐದಾತು,” ಎಂದಳು ತುಳಜಾಬಾಯಿ.

“ಲುಂಬಿನಿ ಇಲ್ಲಿಲ್ಲ.”

“ನಾ ಅದೀನಿ. ತಿರುಗು.”

ಆಗಲೇ ಫೋನು ರಿಂಗಾಯಿತು. ಸಾಯಬಣ್ಣ.

“ಎಲ್ಲಿದ್ದಿ? ಸೇಡಂ ಸ್ಟ್ಯಾಂಡಿನ್ಯಾಗ ಕಾಯಾಕ ಹತ್ತಿ ಭಾಳ ಹೊತ್ತಾತು.”

“ವಾಡ್ಯಾಗ ಇದ್ದೀನ್ರಿ.”

“ವಾಡ್ಯಾಗ ಏನ್ ಮಾಡಾಕತ್ತಿ?”

“ನಿದ್ದಿ ಮಾಡ್ದೆ ನೋಡ್ರಿ!” ಎಂದು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು. “ಚಿಂಚೋಳಿಂದ ವಾಡಿತನ! ಗೊರಕಿ ಹೊಡ್ದು!”

ಆ ಕಡೆಯಿಂದ ನಗು ಬೆರೆತ ದನಿಯಲ್ಲಿ, “ಹೂಂ,” ಎಂದ ಸಾಯಬಣ್ಣ.

ಮಹಾದೇವಮ್ಮ ಅದಕ್ಕೆ ಬೈಯಲಿಲ್ಲ. “ತುಳಜಾನೂ ಬರಾಕತ್ತಾಳ. ದೇವಿಕಾಗ ಹೇಳ್ರಿ, ರೊಟ್ಟಿ ನಾನೇ ಬಡೀತೀನಿ. ಇವತ್ತ ಒಂದೂ ಸೀಯಂಗಿಲ್ಲ,” ಎಂದು, ತುಳಜಾಬಾಯಿಯ ಕೈ ಹಿಡಿದುಕೊಂಡು ಸೇಡಂ ಬಸ್ಸಿನ ಕಡೆ ನಡೆದಳು. ಈ ಸಲ ಇಬ್ಬರಲ್ಲಿ ಒಬ್ಬಳಾದರೂ ಎಚ್ಚರ ಇರಬೇಕೆಂದು ಗೊತ್ತು ಮಾಡಿಕೊಂಡರು. ಯಾರು ಇರಬೇಕು ಎಂಬುದಕ್ಕೆ ಬಸ್ಸು ಹೊರಡುವ ತನಕ ಜಗಳವಾಡಿದರು.